ತಿರ್ಲಾಪುರದ ಹತ್ತಿ ಹೊಲದಲ್ಲಿ ಒಂದು ಹೊರೆ

ತಿರ್ಲಾಪುರದ ದಾರಿಯಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತ್ತು. ಪಕ್ಕದ ಹೊಲದಲ್ಲಿ ಒಬ್ಬ ಅಪ್ಪ, ಇಬ್ಬರು ಹೆಣ್ಣುಮಕ್ಕಳು ಚಳಿಗಾಲದ ಒಲೆಗೆಂದು ಒಣಗಿದ ಹತ್ತಿಗಿಡ ಕಿತ್ತು ಮೂರು ಹೊರೆ ಕಟ್ಟಿದರು. ಅಪ್ಪ ಮಕ್ಕಳ ತಲೆಗೆ ಹೊರೆ ಎತ್ತಿಟ್ಟು ಮನೆಗೆ ಕಳಿಸಿದ. ಎಲ್ಲಕ್ಕಿಂತ ದೊಡ್ಡ ಹೊರೆ ಉಳಿಯಿತು. ಅದನ್ನು ಒಬ್ಬನೇ ತಲೆಗೇರಿಸಲಾಗದೆ ಅತ್ತಿತ್ತ ನೋಡಿದ.

“ಅಣ್ಣಾರ, ಸ್ವಲ್ಪ ಕೈ ಹಚ್ಚರಿ.”

ಹೋಗಿ ಎತ್ತಿಕೊಟ್ಟೆ.

“ಹ್ವಾದ ವರ್ಷ ನಮ್ಮಾಕಿ ಎತ್ತಿ ಇಡತಿದ್ಲರಿ. ಯುಗಾದಿ ಮುಂದ ತೀರ್ಕೊಂಡ್ಲು.”

ಅವನ ತಲೆ ಮೇಲೆ ಜಾರಿದ್ದ ಟವೆಲಿನ ಸಿಂಬಿಯನ್ನು ಸರಿಮಾಡಿದೆ. ನಾಲ್ಕು ಹೆಜ್ಜೆ ಹೋಗಿ ನಿಂತ. ಹೊರೆಯ ಭಾರಕ್ಕೆ ಹಿಂದೆ ತಿರುಗಲಾಗದೆ, ಮುಂದೆ ನೋಡುತ್ತಲೇ ಕೇಳಿದ:

“ನಾಳೆ ಈ ಕಡೆ ಬರ್ತೀರೇನ್ರಿ?”

“ಇಲ್ಲ,” ಎಂದೆ.

“ಹೌದಲ್ರಿ, ನೀವು ಬಸ್ಸಿನ ಮಂದಿ,” ಎಂದು ಮಕ್ಕಳ ಹಿಂದೆ ನಡೆದ.