ರೇವಮ್ಮನ ಹಿತ್ತಿಲ ಮಲ್ಲಿಗೆ

ತರಕಾರಿ ಬೆಳೆಯುವುದರ ಬಗ್ಗೆ ಅಧಿಕಾರದಿಂದ ಮಾತಾಡುವ ಯೋಗ್ಯತೆ ನನಗಿದೆ. ಏಕೆಂದರೆ ನಾನು ನೆಟ್ಟದ್ದು ಯಾವುದೂ ಬದುಕಿಲ್ಲ. ಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ, ಹಿತ್ತಿಲಲ್ಲೇ ಕಾಯಿಪಲ್ಲೆ ಬೆಳೆದುಕೊಳ್ಳಿ ಎಂದು ಜನಕ್ಕೆ ತಿಳಿಹೇಳುವ ಕೆಲಸ ಮೇಷ್ಟರುಗಳ ತಲೆಗೆ ಬಂತು. ಹೊಳೆನರಸೀಪುರದಲ್ಲಿ ಆ ಕುರಿತು ನಾನು ಮಾಡಿದ ಭಾಷಣ ಚೆನ್ನಾಗಿತ್ತೆಂದು ಈಗಲೂ ಕೆಲವರು ಹೇಳುತ್ತಾರೆ. ಅದೇ ವಾರ ನನ್ನ ಬದನೆ ಗಿಡಗಳೆಲ್ಲ ತುದಿ ಬಾಗಿಸಿಕೊಂಡು ಒಣಗಿದವು. ನಾನು ಬದನೆ ನೆಟ್ಟರೆ ಹುಳ ಬೆಳೆಯುತ್ತದೆ. ಹುಳ ನೆಟ್ಟರೆ ಬದನೆ ಬಂದೀತೇನೋ, ಪರೀಕ್ಷಿಸಿ ನೋಡಿಲ್ಲ.

ಆದರೂ ನಮ್ಮ ಮನೆಯಲ್ಲಿ ತರಕಾರಿಗೆ ಬರವಿರಲಿಲ್ಲ. ಗೋಡೆಯಾಚೆ ರೇವಮ್ಮ ಇದ್ದಳು.

ರೇವಮ್ಮ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಪಂಚಾಕ್ಷರಯ್ಯನ ತಂಗಿ. ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋಗಿ, ಅಲ್ಲಿಯ ಬಾವಿಯ ಹಗ್ಗ ಕೈಗೆ ಪಳಗುವ ಮೊದಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ವಾಪಸು ಬಂದವಳು. ಅಣ್ಣ ಒಳ್ಳೆಯವನು, ಅತ್ತಿಗೆ ನೀಲಾಂಬಿಕೆ ಕೆಟ್ಟವಳಲ್ಲ. ಒಳಮನೆಯಲ್ಲಿ ಅವಳಿಗೆ ಒಂದು ಮೂಲೆ ಇತ್ತು. ಆದರೆ ಅವಳದು ಅಂತ ಇದ್ದದ್ದು ಹಿತ್ತಿಲು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದರೆ ಹೊತ್ತು ನೆತ್ತಿಗೆ ಬರುವವರೆಗೆ ಅಲ್ಲೇ. ಹೀರೆ, ಪಡವಲ, ಅವರೆ, ಕುಂಬಳ, ಹರಿವೆ ಸೊಪ್ಪು, ಒಂದಾದ ಮೇಲೊಂದು. ಕೇರಿಯಲ್ಲಿ ಅವಳ ಕಾಯಿ ಬೇಯದ ಒಲೆ ಇರಲಿಲ್ಲ.

ಒಮ್ಮೆ ಬಳ್ಳಿಯಲ್ಲಿ ಎಳೆಯ ಕುಂಬಳದ ಮಿಡಿ ಕಂಡು ನಾನು, "ಅಲ್ನೋಡಿ, ಕಾಯಿ ಬಂದಿದೆ" ಎಂದು ಬೆರಳು ಮಾಡಿ ತೋರಿಸಿದೆ. ರೇವಮ್ಮ ಓಡಿ ಬಂದು, ಮಗುವಿಗೆ ಬಿಸಿಲು ತಾಗದಂತೆ ಮಾಡುವವಳ ಹಾಗೆ ಅದರ ಮೇಲೆ ಸೆರಗು ಮುಚ್ಚಿದಳು. ಮಿಡಿಗೆ ಬೆರಳು ತೋರಿಸಿದರೆ ಕೊಳೆತುಹೋಗುತ್ತದಂತೆ. ತೋರಿಸಲೇಬೇಕಾದರೆ ಬೆರಳು ಮಡಿಸಿ ತೋರಿಸಬೇಕು. ತರಗತಿಯಲ್ಲಿ ನಾನು ದಿನವೂ ಎಷ್ಟು ಮಿಡಿಗಳಿಗೆ ಬೆರಳು ತೋರಿಸುತ್ತೇನೆಂದು ನೆನೆದು, ಪರೀಕ್ಷೆಯ ಫಲಿತಾಂಶಕ್ಕೆ ಕಾರಣ ಸಿಕ್ಕಿತೆಂದುಕೊಂಡೆ.

ಬಾವಿಯ ಮಗ್ಗುಲಲ್ಲಿ ಒಂದು ಸಾಲು ದುಂಡುಮಲ್ಲಿಗೆ ಇತ್ತು, ಅದರ ಪಕ್ಕ ಒಂದಿಷ್ಟು ಕನಕಾಂಬರ. ಕಾಯಿಪಲ್ಲೆ ಗೋಡೆ ದಾಟಿ ಬರುತ್ತಿತ್ತು, ಹೂವು ಬರುತ್ತಿರಲಿಲ್ಲ. ಅವಳಾಗಿ ಕೊಡುತ್ತಿರಲಿಲ್ಲ, ನಾವಾಗಿ ಕೇಳುತ್ತಿರಲಿಲ್ಲ. ಗಂಡ ಸತ್ತವಳು ಬೆಳೆದ ಬದನೆಕಾಯಿ ಹೊಟ್ಟೆಗೆ ಒಗ್ಗುತ್ತದೆ, ಹೂವು ಮುತ್ತೈದೆಯ ತಲೆಗೆ ಒಗ್ಗುವುದಿಲ್ಲ ಎಂಬ ಶಾಸ್ತ್ರವನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಷ್ಟರ ಮನೆಯೂ ಸೇರಿದಂತೆ ಎಲ್ಲರಿಗೂ ಅದು ಗೊತ್ತಿತ್ತು.

ಆ ಹೂವು ಮುಡಿಯುತ್ತಿದ್ದವಳು ಅಣ್ಣನ ಮಗಳು ಶಾಂತಕುಮಾರಿ ಒಬ್ಬಳೇ. ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳೂ ರೇವಮ್ಮನೇ. ಮದುವೆಯಾಗದ ಹುಡುಗಿ, ಮನೆಯದೇ ಹಿತ್ತಿಲು, ಅದನ್ನು ಯಾರೂ ಎತ್ತಿ ಆಡಲಿಲ್ಲ. ಸಂಜೆ ಅತ್ತೆ ದಂಡೆ ಕಟ್ಟುವುದು, ಹುಡುಗಿ ಬೆನ್ನು ತಿರುಗಿಸಿ ಕೂರುವುದು, ಬೇಸಿಗೆಯಲ್ಲಿ ನಮ್ಮ ಜಗುಲಿಗೂ ವಾಸನೆ ಬರುವುದು, ಹೀಗೆ ನಡೆದಿತ್ತು.

ಹುಡುಗಿಗೆ ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿಗಳ ಮನೆಯಲ್ಲಿ ಸಂಬಂಧ ಗೊತ್ತಾಯಿತು. ವೀಳ್ಯ ಬದಲಾಯಿಸಲು ಬಂದ ದಿನ ಅವಳ ತಲೆಯಲ್ಲಿ ಕನಕಾಂಬರದ ದಂಡೆ ಇತ್ತು. ಗಂಡಿನ ತಾಯಿ ಗಂಗಾಂಬಿಕೆ ಹೂವಿನ ಬಣ್ಣ ಮೆಚ್ಚಿ, ಎಲ್ಲಿ ತರಿಸಿದಿರಿ ಎಂದು ಕೇಳಿದರು. ನಮ್ಮ ನಾದಿನಿಯೇ ಬೆಳೆಯುತ್ತಾಳೆ ಎಂದು ನೀಲಾಂಬಿಕೆ ಹೆಮ್ಮೆಯಿಂದಲೇ ಹೇಳಿದಳು. ಗಂಗಾಂಬಿಕೆ ಅಡುಗೆಮನೆಯ ಬಾಗಿಲಲ್ಲಿ ಅರ್ಧ ಕಾಣುವಂತೆ ನಿಂತಿದ್ದ ರೇವಮ್ಮನ ಕುಂಕುಮವಿಲ್ಲದ ಹಣೆಯನ್ನು ಒಮ್ಮೆ ನೋಡಿದರು. ಹೊರಡುವಾಗ ನೀಲಾಂಬಿಕೆಯನ್ನು ಪಕ್ಕಕ್ಕೆ ಕರೆದು, "ಇಷ್ಟು ದಿವಸ ಆಯ್ತು, ಬುಡಿ. ಇನ್ಮೇಲೆ ನಮ್ಮನೆ ಸೊಸೆ ಅವಳು. ಹೂವ ಮುತ್ತೈದೆ ಕೈಯಿಂದ ಬರ್ಲಿ" ಎಂದರು.

ಈ ಮಾತು ಹುಡುಗಿಯ ಕಿವಿಗೂ ಬಿತ್ತು. ಅವಳು ಅಪ್ಪನ ಮುಂದೆ ಹೋಗಿ ನಿಂತಳು.

"ನನ್ ಮದ್ವೇಲಿ ಮೊಗ್ಗಿನ ಜಡೆ ನಮ್ಮತ್ತೆ ಗಿಡದ್ದೇ ಆಗ್ಬೇಕು ಕಣಪ್ಪ. ಬ್ಯಾರೆ ಹೂವ ತಂದ್ರೆ ಬೋಳುತಲೇಲಿ ಹಸೆಮಣೆ ಮೇಲೆ ಕೂತ್ಕತೀನಿ."

ಮೊಗ್ಗಿನ ಜಡೆ ಎಂದರೆ ಹುಡುಗಾಟವಲ್ಲ. ಬಿರಿಯದ ಮೊಗ್ಗನ್ನು ಮಧ್ಯಾಹ್ನವೇ ಬಿಡಿಸಿ, ಬಾಳೆಪಟ್ಟೆಗೆ ಒತ್ತೊತ್ತಾಗಿ ಹೊಲಿದು, ಹೆರಳಿನ ಉದ್ದಕ್ಕೂ ಕಟ್ಟಬೇಕು. ರಾಶಿ ಮೊಗ್ಗು ಬೇಕು. ಮದುವೆ ವೈಶಾಖದಲ್ಲಿ, ಮಲ್ಲಿಗೆಗೆ ಅದೇ ಕಾಲ. ಅವತ್ತು ಸಂಜೆ ರೇವಮ್ಮ ನನ್ನ ಹೆಂಡತಿಗೆ ಹೀರೆಕಾಯಿ ಕೊಡುತ್ತ, ತನ್ನ ತಲೆಗಂತೂ ಆಗಲಿಲ್ಲ, ಆ ಮಗುವಿನ ತಲೆಯಲ್ಲಿ ಒಂದು ಸಲ ತನ್ನ ಗಿಡದ ಜಡೆ ಕಂಡರೆ ಸಾಕು, ಇನ್ನೇನೂ ಕೇಳುವುದಿಲ್ಲ ಎಂದಳಂತೆ.

ಪಂಚಾಕ್ಷರಯ್ಯ ಮಠದ ಅಯ್ಯನವರನ್ನು ಕೇಳಿದ. ಅಯ್ಯನವರು ಮೃದು ಮನಸ್ಸಿನವರು, ಯಾರಿಗೂ ನೋವಾಗದ ದಾರಿ ಹುಡುಕಿದರು. ಗಿಡ ಭೂಮಿಯದು, ಅದಕ್ಕೆ ದೋಷವಿಲ್ಲ. ಸಂದೇಹ ಇರುವುದು ಕೈಯದು. ಇವತ್ತಿನಿಂದ ಮುತ್ತೈದೆಯೊಬ್ಬಳು ನೀರು ಹಾಕಿ, ಕಳೆ ತೆಗೆದು, ಮೊಗ್ಗು ಬಿಡಿಸಿದರೆ ಆ ಹೂವು ಮಂಗಳದ್ದೇ ಆಗುತ್ತದೆ. ಎಲ್ಲರಿಗೂ ಎದೆ ಹಗುರಾಯಿತು. ಎಲ್ಲರಿಗಿಂತ ಹೆಚ್ಚು ಹಗುರಾದವಳು ರೇವಮ್ಮ. ಜಡೆ ತನ್ನ ಗಿಡದ್ದೇ ಆಗುವಾಗ ನೀರು ಯಾರು ಹೊತ್ತರೇನು?

ಎದುರು ಮನೆಯ ಶಿವಗಂಗಮ್ಮನನ್ನು ಆರಿಸಿದರು. ತುಂಬಿದ ಮುತ್ತೈದೆ, ಗಂಡುಮಕ್ಕಳ ತಾಯಿ, ದೊಡ್ಡ ಕುಂಕುಮ. ಅವರ ಮನೆಯಲ್ಲಿ ಗಿಡವೆಂದರೆ ಬೇಲಿಯ ಕಳ್ಳಿ ಒಂದೇ, ಅದೂ ತಾನಾಗಿ ಬಂದದ್ದು. ಮಲ್ಲಿಗೆ ಸಾಲಿನ ಸುತ್ತ ಅರಿಶಿನದ ನೂಲು ಸುತ್ತಿದರು. ನೂಲಿನ ಈಚೆ ರೇವಮ್ಮನ ಕಾಯಿಪಲ್ಲೆ, ಆಚೆ ಶಿವಗಂಗಮ್ಮನ ಹಿತ್ತಾಳೆ ಬಿಂದಿಗೆ.

ಶಿವಗಂಗಮ್ಮ ಹೊತ್ತ ಕೆಲಸವನ್ನು ಭಕ್ತಿಯಿಂದ ಮಾಡಿದರು, ಅದೇ ಕಷ್ಟವಾಯಿತು. ಬೆಳಿಗ್ಗೆ ಬಿಂದಿಗೆ ನೀರು, ಸಂಜೆ ಬಿಂದಿಗೆ ನೀರು, ಸೋಮವಾರ ಹೆಚ್ಚಿಗೆ. ಅವರು ಊರಿಗೆ ಹೋದ ದಿನ ನೀಲಾಂಬಿಕೆಯ ಸರದಿ. ಪುಷ್ಯ ಮಾಸ ಬಂತು. ಪ್ರತಿವರ್ಷ ಆ ತಿಂಗಳು ರೇವಮ್ಮ ಮಲ್ಲಿಗೆಯ ಎಲೆ ಸವರಿ, ಕೊಂಬೆ ಕತ್ತರಿಸಿ, ನೀರು ನಿಲ್ಲಿಸಿ, ಬುಡ ಬಿಡಿಸಿ ಬೇರಿಗೆ ಬಿಸಿಲು ತೋರಿಸುತ್ತಿದ್ದಳು. ಬಾವಿಕಟ್ಟೆಯ ಮೇಲೆ ಕೈಕಟ್ಟಿ ಕುಳಿತು ನೋಡಿ ನೋಡಿ, ಒಂದು ದಿನ ತಡೆಯಲಾರದೆ ಬಾಯಿಬಿಟ್ಟಳು.

"ಶಿವಗಂಗಕ್ಕ, ನೀರು ಸಾಕು ಕಣಕ್ಕ. ಕೊಂಬೆ ಕತ್ತರಿಸ್ಬುಡಿ. ಗಿಡಕ್ಕೆ ಹಸಿವಾಗ್ಬೇಕು, ಆಗ್ಲೇ ಮೊಗ್ಗು ಬುಡೋದು."

ಶಿವಗಂಗಮ್ಮ ಬಿಂದಿಗೆ ಕೆಳಗಿಟ್ಟರು. "ಮದ್ವೆ ಗೊತ್ತಾದ್ ಮನೇಲಿ ಹೂವಿನ ಗಿಡಕ್ಕೆ ಕುಡ್ಲು ಹಾಕು ಅಂತೀಯಲ್ಲ ರೇವಮ್ಮ. ನಿನ್ ಬಾಯಲ್ಲಿ ಒಳ್ಳೆ ಮಾತು ಬರಬಾರ್ದಾ?"

ರೇವಮ್ಮ ಅಣ್ಣನಿಗೆ ಹೇಳಿದಳು, ಅಣ್ಣ ಹೆಂಡತಿಗೆ ಹೇಳಿದ. ಗಿಡ ಕೈತಪ್ಪಿ ಹೋಯಿತಲ್ಲ ಎಂದು ಅವಳಿಗೆ ಸಂಕಟ, ಪಾಪ, ಎಂದು ನೀಲಾಂಬಿಕೆ ಮರುಗಿದಳು. ಆ ಮರುಕದ ಮುಂದೆ ಮಾತಿಗೆ ಜಾಗವಿರಲಿಲ್ಲ. ಕೊನೆಗೆ ರೇವಮ್ಮ ಗೋಡೆಯ ಹತ್ತಿರ ಬಂದು, ನೀವಾದರೂ ಒಂದು ಮಾತು ಹೇಳಿ, ಭಾಷಣ ಮಾಡಿದವರು, ನಿಮ್ಮ ಮಾತು ಕೇಳುತ್ತಾರೆ ಎಂದು ನನ್ನನ್ನು ಬೇಡಿಕೊಂಡಳು. ನಾನು ಕೋಟು ಹಾಕಿಕೊಂಡು ಹೋದೆ. ಗಿಡಗಳಿಗೆ ನೀರು ಹೆಚ್ಚಾದರೆ ಎಲೆ ಮಾತ್ರ ಬೆಳೆಯುತ್ತದೆ ಎಂಬುದನ್ನು ಸವಿಸ್ತಾರವಾಗಿ, ದೃಷ್ಟಾಂತಗಳ ಸಮೇತ ಹೇಳಿದೆ. ಶಿವಗಂಗಮ್ಮ ತಾಳ್ಮೆಯಿಂದ ಕೇಳಿ, "ಮೇಷ್ಟ್ರೇ, ನಿಮ್ ಬದನೆಕಾಯಿ ಹೆಂಗವೆ?" ಎಂದರು. ನಾನು ಕೋಟು ಬಿಚ್ಚಿಕೊಂಡು ಮನೆಗೆ ಬಂದೆ.

ಯುಗಾದಿಯ ಹೊತ್ತಿಗೆ ಮಲ್ಲಿಗೆ ನೋಡುವವರ ಕಣ್ಣು ತಂಪಾಗುವಂತೆ ಬೆಳೆದಿತ್ತು. ಕಪ್ಪುಹಸಿರು ಎಲೆ, ಎದೆಯೆತ್ತರ ಪೊದೆ. ಬಂದವರೆಲ್ಲ ಶಿವಗಂಗಮ್ಮನ ಕೈಗುಣ ಹೊಗಳಿದರು. ಶಾಂತಕುಮಾರಿ ದಿನಾ ಸಂಜೆ ಎಲೆ ಸರಿಸಿ ಸರಿಸಿ ಒಳಗೆ ಹುಡುಕುತ್ತಿದ್ದಳು. ಅತ್ತೆ ನೂಲಿನ ಈಚೆ ನಿಂತು ಅವಳ ಮುಖವನ್ನೇ ನೋಡುತ್ತಿದ್ದಳು. ಮದುವೆ ಹತ್ತಿರ ಬಂದಾಗ ಇಡೀ ಸಾಲಿನಲ್ಲಿ ಸಿಕ್ಕಿದ ಮೊಗ್ಗು ಒಂದು ಬೊಗಸೆಗೂ ಸಾಲದು.

ಹಾಸನದಿಂದ ಹೂವು ತರಿಸಿದರು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಆಗಿನ ಬಸ್ಸಿಗೆ ಏರು ಕಂಡರೆ ಉಬ್ಬಸ. ದಾರಿಯಲ್ಲಿ ಎರಡು ಕಡೆ ನಿಂತು ದಮ್ಮು ತೆಗೆದುಕೊಂಡು ಬರುವಷ್ಟರಲ್ಲಿ ಬುಟ್ಟಿಯೊಳಗಿನ ಮೊಗ್ಗೆಲ್ಲ ಬಿರಿದು ಕೆಂಪಗಾಗಿತ್ತು. ಬಿರಿದ ಹೂವು ಬಾಳೆಪಟ್ಟೆಯ ಮೇಲೆ ನಿಲ್ಲುವುದಿಲ್ಲ. ಹುಡುಗಿ ಜರಿಯ ಕುಚ್ಚು ಹಾಕಿಕೊಂಡು, ಅತ್ತು ಊದಿದ ಕಣ್ಣಲ್ಲಿ ಹಸೆಮಣೆ ಏರಿದಳು. ಆ ಹೊತ್ತಿನಲ್ಲಿ ರೇವಮ್ಮ ಹಿತ್ತಿಲಲ್ಲಿ ಅಡುಗೆಯವರಿಗೆ ಪಡವಲಕಾಯಿ ಹೆಚ್ಚಿಕೊಡುತ್ತಿದ್ದಳು. ಪಲ್ಯ ಬಹಳ ರುಚಿಯಾಗಿತ್ತು. ಬೀಗರು ಎರಡನೆಯ ಸಲ ಹಾಕಿಸಿಕೊಂಡರು, ನಾನು ಮೂರನೆಯ ಸಲ.

ಮದುವೆ ಮುಗಿದ ಮೇಲೆ ಮಲ್ಲಿಗೆಯನ್ನು ಕೇಳುವವರಿರಲಿಲ್ಲ. ಶಿವಗಂಗಮ್ಮ ಬಿಂದಿಗೆ ಬೆಳಗಿ ಅಟ್ಟಕ್ಕೆ ಹಾಕಿದರು. ರೇವಮ್ಮ ನೂಲು ಕಿತ್ತು, ಕುಡುಗೋಲು ಹಿಡಿದು, ಪೊದೆಯನ್ನು ಮೊಣಕಾಲೆತ್ತರಕ್ಕೆ ಸವರಿಹಾಕಿದಳು. ನೀರು ನಿಲ್ಲಿಸಿದಳು. ಎಲೆ ಉದುರಿ ಗಿಡ ಸೌದೆಯ ಹಾಗಾಯಿತು. ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟಳು.

ಆಷಾಢಕ್ಕೆ ಶಾಂತಕುಮಾರಿ ಪದ್ಧತಿಯಂತೆ ತವರಿಗೆ ಬಂದಳು. ಅಷ್ಟರಲ್ಲಿ ಗಿಡದಲ್ಲಿ ಎಲೆಗಿಂತ ಮೊಗ್ಗೇ ಹೆಚ್ಚಾಗಿತ್ತು. ಒಂದು ಮಧ್ಯಾಹ್ನ ನಾನು ಗೋಡೆಯ ಮೇಲಿಂದ ನೋಡಿದರೆ, ರೇವಮ್ಮ ಸೀಬೆಮರದ ಕೆಳಗೆ ಕುಳಿತು ಬಾಳೆಪಟ್ಟೆಗೆ ಮೊಗ್ಗು ಹೊಲಿಯುತ್ತಿದ್ದಳು. ಆಷಾಢದಲ್ಲಿ ಏನು ಹಬ್ಬ ಎಂದು ಕೇಳಿದೆ.

"ಮದ್ವೇಲಿ ಆಗ್ಲಿಲ್ವಲ್ಲ ಮೇಷ್ಟ್ರೇ. ಮನೆಯೊಳ್ಗೇ, ಒಂದ್ ಗಳಿಗೆ ಮುಡ್ಸಿ ನೋಡ್ಬುಟ್ಟು ತೆಗ್ದ್ಬುಡ್ತೀನಿ. ಯಾರ್ಗೂ ತಿಳಿಯಾಕಿಲ್ಲ."

ಮುಂದಿನದನ್ನು ನೋಡಿದವಳು ನನ್ನ ಹೆಂಡತಿ. ಹುಡುಗಿಯನ್ನು ಮಾತಾಡಿಸಲು ಹೋಗಿದ್ದಳು. ರೇವಮ್ಮ ಜಡೆಯನ್ನು ಬಾಳೆಲೆಯ ಮೇಲಿಟ್ಟು ತಂದು, ತಿರುಗಿ ಕೂತ್ಕೊ ಮಗಾ ಎಂದಳು. ಶಾಂತಕುಮಾರಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮೂಸಿದಳು. ತಾಯಿಯ ಕಡೆ ನೋಡಿದಳು; ನೀಲಾಂಬಿಕೆ ಬಾಗಿಲ ಕಡೆ ನೋಡಿದಳು. ಹುಡುಗಿ ತಿರುಗಿ ಕೂರಲಿಲ್ಲ.

"ನಮ್ಮನೆಯವರಿಗೆ ಮೊನ್ನೆ ಜ್ವರ ಬಂದಿತ್ತು ಅತ್ತೆ. ಮೂರು ದಿನ ಇಳೀಲೇ ಇಲ್ಲ" ಎಂದಳು. ಧ್ವನಿ ಬಹಳ ಸಣ್ಣಗಿತ್ತಂತೆ. "ನಂಗೆ ಭಯ ಆಯ್ತದೆ."

ಜಡೆಯನ್ನು ಒಯ್ದು ಪೂಜೆಯ ತಟ್ಟೆಯಲ್ಲಿ ಮೆಲ್ಲಗೆ ಇಟ್ಟಳು.

ರೇವಮ್ಮ ಖಾಲಿ ಬಾಳೆಲೆಯನ್ನು ಮಡಿಸಿ ಕೆಳಗಿಟ್ಟಳು. ಆಮೇಲೆ, "ಜ್ವರ ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲವ್ವ. ಈಗ ಹೆಂಗವ್ರೆ? ಕಷಾಯ ಏನ್ ಕೊಟ್ರಿ?" ಎಂದು ಕೇಳಿದಳು. ಹುಡುಗಿ ಅಳುತ್ತ ಹೇಳಿದಳು, ಅತ್ತೆ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿಕೊಂಡಳು.

ಮಾರನೆಯ ದಿನದಿಂದ ರೇವಮ್ಮ ಮೊಗ್ಗು ಬಿಡಿಸಲಿಲ್ಲ. ಆ ಆಷಾಢ ಪೂರ್ತಿ ಮಲ್ಲಿಗೆ ಗಿಡದಲ್ಲೇ ಬಿರಿಯಿತು. ಗಾಳಿ ಬೀಸಿದಾಗ ವಾಸನೆ ನಮ್ಮ ಮನೆಯೊಳಗೆ ಬರುತ್ತಿತ್ತು. ಚೆನ್ನಾಗಿದೆ ಎಂದು ನಾನಾಗಲಿ ನನ್ನ ಹೆಂಡತಿಯಾಗಲಿ ಬಾಯಿಬಿಟ್ಟು ಅನ್ನಲಿಲ್ಲ. ಬೆಳಿಗ್ಗೆ ಬಾವಿಯ ಸುತ್ತ ನೆಲವೆಲ್ಲ ಬೆಳ್ಳಗಾಗಿರುತ್ತಿತ್ತು. ರೇವಮ್ಮ ಲಿಂಗಪೂಜೆ ಮುಗಿಸಿ ಬಂದು, ಅದನ್ನು ತರಗೆಲೆಯ ಜೊತೆ ಪೊರಕೆಯಲ್ಲಿ ಗುಡಿಸಿ, ಮಂಕರಿಗೆ ತುಂಬಿ ಗುಂಡಿಗೆ ಹಾಕುತ್ತಿದ್ದಳು. ನಾನು ಗೋಡೆಯ ಬಳಿ ನಿಂತದ್ದನ್ನು ಒಂದು ದಿನ ಕಂಡು, ಕೇಳದಿದ್ದರೂ ಹೇಳಿದಳು.

"ಕೊಳೆತ್ರೆ ಕುಂಬಳದ ಪಾತಿಗೆ ಒಳ್ಳೆ ಗೊಬ್ಬರ ಮೇಷ್ಟ್ರೇ."