ಪ್ಲಾಟ್‌ಫಾರಮ್ಮಿನ ನಟ್ಟನಡುವೆ

ಆಗೆಲ್ಲ ಕೆ.ಆರ್. ಪುರಂ ಸ್ಟೇಷನ್ನಿನಲ್ಲಿ ಜನರಲ್ ಡಬ್ಬಿ ಮುಂದೆ ಬರುತ್ತದೋ ಹಿಂದೆ ಬರುತ್ತದೋ ಖಚಿತವಾಗಿ ಹೇಳುವವರೇ ಸಿಗುತ್ತಿರಲಿಲ್ಲ. ಯಾದಗಿರಿ ಕಡೆಯ ನಮ್ಮಂಥವರು ಅವರಿವರನ್ನು ಕೇಳಿ, ಊಹಿಸಿ, ಓಡಿ ಹತ್ತುತ್ತಿದ್ದೆವು. ನನಗದು ಆಟವಾಗಿತ್ತು, ಎಂಟನೆಯ ವಯಸ್ಸಿನ ಆ ಬೇಸಿಗೆಯವರೆಗೆ.

ನಾವು ಮಹದೇವಪುರದ ಶೀಟಿನ ಕೋಣೆಯಲ್ಲಿದ್ದೆವು. ಅಕ್ಕ ಮಾತ್ರ ಊರಲ್ಲಿ, ದೊಡ್ಡಪ್ಪನ ಮನೆಯಲ್ಲಿದ್ದಳು. ಹತ್ತನೇ ಕ್ಲಾಸು ಪಾಸಾಗಿ ಕಾಲೇಜಿನ ಕನಸು ಕಾಣುತ್ತಿದ್ದವಳು ಒಂದು ಬೆಳಿಗ್ಗೆ ಯಾರದೋ ಫೋನಿನಿಂದ ಪಿಸುಗುಟ್ಟಿದಳು: "ಅವ್ವಾ, ನಾಳೆ ನನ್ನ ನಿಶ್ಚಯ ಮಾಡ್ತಾರಂತ. ನೀ ಬಂದು ಬ್ಯಾಡನ್ನು."

ದೊಡ್ಡಪ್ಪನಿಗೆ ಫೋನಿನಲ್ಲಿ ಎದುರಾಡುವ ಧೈರ್ಯ ಅಪ್ಪನಿಗಿರಲಿಲ್ಲ. ಅವ್ವನೇ ಹೋಗಿ ಎದುರು ನಿಂತರೆ ಮಾತ್ರ ನಿಲ್ಲುತ್ತಿತ್ತು. ಅವಳು ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟೇಬಿಟ್ಟಳು. ಇಂದಿಗೂ ಆ ಹಿಂಡಿಯ ಬೆಳ್ಳುಳ್ಳಿ ವಾಸನೆ ಬಂದರೆ ನಾನು ತಟ್ಟೆ ಸರಿಸಿಬಿಡುತ್ತೇನೆ.

"ಜನರಲ್ ಮುಂದೆ ಬರುತ್ತೆ ಅಣ್ಣ, ಹೋಗ್ಬಿಡಿ," ಎಂದ ಸ್ಟೇಷನ್ನಿನ ಚಹಾದವನು. ಚೀಲ ಹೊತ್ತು ಮುಂದೆ ನಡೆದೆವು. ಅಲ್ಲೊಬ್ಬ, "ನಿನ್ನೆ ಹಿಂದ್ಗಡೆ ಇತ್ತಲ್ಲ!" ಎಂದ. ಹಿಂದೆ ಬಂದೆವು. ಅಪ್ಪ ಬೆವರೊರೆಸಿಕೊಂಡು ನನ್ನನ್ನೇ ಕೇಳಿದ: "ಸಣ್ಣ ಹುಡುಗರ ಬಾಯಾಗ ಖರೇ ಬರ್ತದ. ನೀ ಹೇಳವ್ವಾ, ಮುಂದೋ ಹಿಂದೋ?"

ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಅಂದೆ, "ಹಿಂದ."

ಅವ್ವ ರೇಗಿದಳು. "ಅಕೀಗೇನ್ ಗೊತ್ತು? ಯಾವುದಾರ ಒಂದ್ ಕಡಿ ನಡೀರಿ. ತಪ್ಪಿದ್ರ ತಪ್ಪಲಿ."

"ಇವತ್ತು ತಪ್ಪಬಾರ್ದು," ಎಂದ ಅಪ್ಪ. "ನಡುವ ನಿಂದ್ರೋಣ. ಎತ್ತ ಬಂದ್ರೂ ಓಡಬಹುದು."

ಎರಡು ದೋಣಿಯಲ್ಲಿ ಕಾಲಿಡಬೇಡಿ ಎಂದು ವಠಾರಕ್ಕೆಲ್ಲ ಬುದ್ಧಿ ಹೇಳುತ್ತಿದ್ದವನು ಅವನೇ.

ರೈಲು ಬಂತು. ನಮ್ಮೆದುರು ನಿಂತದ್ದು ಎಸಿ ಡಬ್ಬಿ, ಬಾಗಿಲು ಮುಚ್ಚಿತ್ತು. ಅಪ್ಪ ನನ್ನ ಕೈ ಹಿಡಿದು ನಾನು ಹೇಳಿದ ಕಡೆಗೇ ಓಡಿದ. ಅರ್ಧ ದಾರಿಯಲ್ಲಿ ಯಾರೋ ಕೂಗಿದರು, ಜನರಲ್ ಮುಂದಿದೆ ಎಂದು. ತಿರುಗಿ ಓಡಿದೆವು. ರೊಟ್ಟಿಯ ಗಂಟು ಬಿದ್ದುಹೋಯಿತು. ನಾವು ಮತ್ತೆ ಮೊದಲಿನ ಜಾಗಕ್ಕೆ ಬರುವಷ್ಟರಲ್ಲಿ ರೈಲು ಹೊರಟಿತ್ತು. ಅವ್ವ ನೆಲದ ಮೇಲೆ ಕುಳಿತು ಹಳಿ ನೋಡುತ್ತಿದ್ದಳು.

ಮರುದಿನದ ರೈಲಿಗೆ ಹೋದೆವು. ಅಕ್ಕನ ಕೈತುಂಬ ಹಸಿರು ಬಳೆ. "ಮಾತು ಕೊಟ್ಟಾಗ್ಯಾದ," ಎಂದು ದೊಡ್ಡಪ್ಪ ಎಲೆ ಅಡಿಕೆ ಮುಂದಿಟ್ಟ. ಅವ್ವ ಎಷ್ಟು ಕೂಗಾಡಿದರೂ ಕೊಟ್ಟ ಮಾತು ಮುರಿಯಲು ಯಾರೂ ಒಪ್ಪಲಿಲ್ಲ.

ಈಗ ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಫೋನೇ ಹೇಳುತ್ತದೆ. ಅಪ್ಪನ ಮೇಲಿನ ಸಿಟ್ಟೂ ಇಳಿದಿದೆ. ತಪ್ಪಲೇಬಾರದು ಎಂಬ ಭಯಕ್ಕೆ ನಾನೂ ಎಷ್ಟೋ ಸಲ ನಡುವೆ ನಿಂತಿದ್ದೇನೆ. ಆದರೆ ಸಣ್ಣ ಮಕ್ಕಳ ಬಾಯಲ್ಲಿ ಸತ್ಯ ಬರುತ್ತದೆಂದು ಯಾರಾದರೂ ಅಂದರೆ ಎದ್ದು ಹೋಗುತ್ತೇನೆ.

ಹೋದ ವರ್ಷ ಅಕ್ಕ ಮೊದಲ ಸಲ ಕೇಳಿದಳು, "ಅವತ್ತು ರೈಲು ತಪ್ಪಿದಾಗ ನೀವು ಎಲ್ಲಿ ನಿಂತಿದ್ರಿ?"

"ನಡುವ," ಎಂದೆ.

ಅವಳು ಕೈಯ ಬಳೆ ಮೇಲೆ ಸರಿಸಿಕೊಂಡಳು.

"ನಿಶ್ಚಯದ ದಿನ ನಾ ಬಾಗಲಾಗ ನಿಂತಿದ್ದೆ. ಮುಂಜಾನಿಂದ."