ಹೋಟೆಲಿನ ನಾಯಿ ಮಣ್ಣು ತಿಂದದ್ದು

ನಾಯಿ ಮಣ್ಣು ತಿಂದರೆ ಏನು ಮಾಡಬೇಕು ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಮೊದಲು ಅವರ ಮುಖ ನೋಡುತ್ತೇನೆ. ಕೇಳುವವರು ಸುಮ್ಮನೆ ಕೇಳಿರುತ್ತಾರೆ. ಹೊಡೆಯಬೇಡಿ, ಅದರ ತುಟಿ ಎತ್ತಿ ಒಸಡು ನೋಡಿ, ಹುಳದ ಮದ್ದು ಹಾಕಿ ಎಷ್ಟು ಕಾಲವಾಯಿತು ಲೆಕ್ಕ ಹಾಕಿ, ಹೊಟ್ಟೆಗೆ ಏನು ಹಾಕುತ್ತೀರಿ ಯೋಚಿಸಿ, ದನದ ಡಾಕ್ಟರಿಗೆ ತೋರಿಸಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. ಇಷ್ಟು ಸಣ್ಣ ಮಾತನ್ನು ಕಲಿಯಲು ನಾನು ಎಷ್ಟು ಬೆಂದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನೆಲ್ಯಾಡಿಯಲ್ಲಿ ಹೆದ್ದಾರಿಯ ಬದಿಗೆ ನಮ್ಮದೊಂದು ಸಣ್ಣ ಹೋಟೆಲು. ಘಾಟಿ ಇಳಿದು ಬಂದ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಮುಂದೆ ಹೋಟೆಲು, ಹಿಂದೆ ಮನೆ, ನಡುವೆ ಎರಡಕ್ಕೂ ಒಂದೇ ಅಡುಗೆಕೋಣೆ. ಗಲ್ಲಾಪೆಟ್ಟಿಗೆಯಲ್ಲಿ ಗಂಡ, ಒಲೆಯ ಮುಂದೆ ನಾನು, ತರಕಾರಿ ಹೆಚ್ಚಲು ಅತ್ತೆ. ಇನ್ನೂ ಶಾಲೆಗೆ ಸೇರದ ಮಗಳು ಎಲ್ಲರ ಕಾಲಿಗೂ ತೊಡರುತ್ತ ಓಡಾಡಿಕೊಂಡಿದ್ದಳು.

ಅಪ್ಪಟ ಸಸ್ಯಾಹಾರಿ ಹೋಟೆಲು. ಅತ್ತೆಗೆ ಅದರ ಹೆಮ್ಮೆ ಎಷ್ಟೆಂದರೆ ನಾಯಿಯನ್ನೂ ಬಿಟ್ಟಿರಲಿಲ್ಲ. ನಮ್ಮ ನಾಯಿ ಕೂಡ ಮೀನು ಮೂಸುವುದಿಲ್ಲ ಎಂದು ಗಿರಾಕಿಗಳ ಹತ್ತಿರ ಹೇಳಿಕೊಳ್ಳುತ್ತಿದ್ದರು. ಮೂಸುವುದಾದರೂ ಹೇಗೆ? ಆಚೆಬದಿಯ ಮೀನಿನ ಅಂಗಡಿಗೆ ಹೋಗದ ಹಾಗೆ ಅದನ್ನು ಹಗಲೆಲ್ಲ ಹಿತ್ತಿಲ ಹಲಸಿನ ಮರಕ್ಕೆ ಕಟ್ಟಿ ಹಾಕುತ್ತಿದ್ದೆವು. ರಾತ್ರಿ ಬಿಚ್ಚಿದರೆ ಉಗ್ರಾಣದ ಬಾಗಿಲಲ್ಲಿ ಮಲಗುತ್ತಿತ್ತು. ಎಲೆಯಲ್ಲಿ ಉಳಿದ ಅನ್ನ, ಹರಿದ ದೋಸೆ, ಗಂಜಿಯ ತಿಳಿ ಅದರ ಊಟ. ನಾಯಿಗೆ ಉಪ್ಪು ಹಾಕಿದರೆ ಕೂದಲು ಉದುರುತ್ತದೆ ಎಂದು ಸಾಂಬಾರು ತಾಗಿದ ಅನ್ನವನ್ನು ಅತ್ತೆ ನೀರಿನಲ್ಲಿ ತೊಳೆದು ಹಾಕುತ್ತಿದ್ದರು. ಅಷ್ಟು ಪ್ರೀತಿ.

ಆ ವರ್ಷ ಅದು ಮರಿ ಹಾಕಿತ್ತು. ಮರಿಗಳನ್ನು ರಬ್ಬರ್ ತೋಟದವರು ಒಂದೊಂದಾಗಿ ಕೊಂಡುಹೋದರು. ಆಮೇಲೆ ನಾಯಿ ಸೊರಗುತ್ತ ಬಂತು. ಮರಿ ಹೋದ ಬೇಸರ ಎಂದುಕೊಂಡೆವು. ಒಂದು ಮಧ್ಯಾಹ್ನ ಪಾತ್ರೆ ತೊಳೆಯುವ ನೀರು ಚೆಲ್ಲಲು ಹೋದಾಗ ನೋಡುತ್ತೇನೆ, ಅನ್ನ ಹಾಗೆಯೇ ಇದೆ, ನಾಯಿ ಮರದ ಬುಡದ ಕೆಂಪು ಮಣ್ಣನ್ನು ಕೆರೆದು ಕೆರೆದು ತಿನ್ನುತ್ತಿದೆ. ನೆಕ್ಕುವುದಲ್ಲ, ಅಗಿದು ನುಂಗುವುದು. ಮೂತಿಯೆಲ್ಲ ಕೆಂಪಾಗಿತ್ತು. ನಾನು ಗದರಿದೆ. ಅದು ತಲೆ ಎತ್ತಲೂ ಇಲ್ಲ.

ಕೈ ತೊಳೆಯಲು ಬಂದ ಲಾರಿ ಡ್ರೈವರೊಬ್ಬ ನನ್ನ ಹಿಂದೆ ನಿಂತು ಅದನ್ನೇ ನೋಡುತ್ತಿದ್ದ.

"ಅಕ್ಕಾ, ಹುಚ್ಚು ಹಿಡಿದ ನಾಯಿ ಹೀಗೇ. ಅನ್ನ ಬಿಡ್ತದೆ, ಮಣ್ಣು, ಕಲ್ಲು, ಕಟ್ಟಿಗೆ ತಿಂತದೆ. ಯಾರಿಗೂ ಕಚ್ಚಿಲ್ಲ ಅಲ್ವಾ?"

ಇಲ್ಲ ಎನ್ನಲು ಹೊರಟಾಗಲೇ ನೆನಪಾಯಿತು. ಹಿಂದಿನ ದಿನ ಮಗಳು ದೋಸೆ ತಿನ್ನಿಸಲು ಹೋಗಿ ಕೈಗೆ ಹಲ್ಲು ತಾಗಿಸಿಕೊಂಡಿದ್ದಳು. ಸಣ್ಣ ಗೀರು. ನಾನು ಅರಿಶಿನ ಹಚ್ಚಿ ಮರೆತಿದ್ದೆ. ಓಡಿಹೋಗಿ ಅವಳ ಕೈ ಹಿಡಿದು ನೋಡಿದೆ. ಗೀರು ಒಣಗಿತ್ತು, ಅಂಚಿನಲ್ಲಿ ಒಂದಿಷ್ಟು ರಕ್ತದ ಗುರುತು.

ಹೇಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಚಾ ಆರುವಷ್ಟರಲ್ಲಿ ಪೇಟೆಗೆಲ್ಲ ಸುದ್ದಿ. ಅತ್ತೆ ಪೆರಾಬೆ ಕಡೆ ನಾಯಿ ಕಡಿತಕ್ಕೆ ಬೇರು ಅರೆದು ಕೊಡುವವರಿದ್ದಾರೆ, ಈಗಲೇ ಹೋಗೋಣ ಎಂದು ಸೆರಗು ಸಿಕ್ಕಿಸಿ ನಿಂತರು. ಅದರಲ್ಲಿ ವಿಷದ ಉಮ್ಮತ್ತದ ಬೀಜ ಹಾಕುತ್ತಾರೆ ಎಂದು ನಾನು ಕೇಳಿದ್ದೆ. ಮಗುವಿನ ಬಾಯಿಗೆ ಅದನ್ನು ಹಾಕಲು ಬಿಡುವುದಿಲ್ಲ ಎಂದೆ. ನನಗೂ ಅತ್ತೆಗೂ ಅದೇ ಮೊದಲ ದೊಡ್ಡ ಜಗಳ. ಅಷ್ಟರಲ್ಲಿ ನೆರೆಯ ರಬ್ಬರ್ ತೋಟದ ಚೇಟ ಕೋವಿ ಹಿಡಿದು ಬಂದರು. ಕೇರಳದಿಂದ ಬಂದು ಕಾಡು ಕಡಿದು ತೋಟ ಮಾಡಿದ ಮನುಷ್ಯ, ಮಲಯಾಳದಲ್ಲಿ ಅಣ್ಣ ಎಂಬರ್ಥದಲ್ಲಿ ಎಲ್ಲರೂ ಚೇಟ ಎಂದೇ ಕರೆಯುತ್ತಿದ್ದರು. ಹಂದಿ ಓಡಿಸಲು ಲೈಸೆನ್ಸಿನ ಕೋವಿ ಇಟ್ಟುಕೊಂಡಿದ್ದರು. ಹಿಂದಿನ ವರ್ಷ ಹುಚ್ಚುನಾಯಿ ಕಚ್ಚಿ ಅವರ ಕರು ಕೂಗಿ ಕೂಗಿ ಸತ್ತಿತ್ತು. ಅದನ್ನು ಕಂಡವರಿಗೆ ಕರುಣೆ ಎಲ್ಲಿಂದ ಬರಬೇಕು? ಆಗಲಿ ಎಂಬಂತೆ ನನ್ನ ಗಂಡ ತಲೆ ತಗ್ಗಿಸಿದರು. ನನಗೂ ಆ ಕ್ಷಣಕ್ಕೆ ಹೊಡೆದುಬಿಡಲಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಪುತ್ತೂರಿಗೆ ಹೋಗುವ ಬಸ್ಸು ರಸ್ತೆಯಲ್ಲಿ ಹಾರನ್ ಹಾಕಿತು. ಮೊದಲು ಡಾಕ್ಟರನ್ನು ಕೇಳುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಚೇಟನಿಗೆ ಹೇಳಿ ಮಗುವನ್ನು ಎತ್ತಿಕೊಂಡು ಹತ್ತಿದೆವು.

ಪುತ್ತೂರಿನ ಡಾಕ್ಟರು ಗಾಯವನ್ನು ಸಾಬೂನು ಹಚ್ಚಿ ಬಹಳ ಹೊತ್ತು ತೊಳೆಸಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, ನಾಯಿ ಬದುಕಿದೆಯೇ ಎಂದು.

"ಅದನ್ನು ಕೊಲ್ಲಬೇಡಿ. ಗಟ್ಟಿ ಕಟ್ಟಿ ಹಾಕಿ, ದೂರದಿಂದ ನೋಡ್ತಾ ಇರಿ. ಹುಚ್ಚಾದರೆ ಹತ್ತು ದಿನದೊಳಗೆ ಅದೇ ಸಾಯ್ತದೆ. ಇಂಜೆಕ್ಷನ್ ಇವತ್ತೇ ಶುರು ಮಾಡುವ. ಹತ್ತು ದಿನ ಕಳೆದು ನಾಯಿ ಸರಿ ಉಂಟಾದರೆ ನಿಲ್ಲಿಸುವ."

ಆ ಕಾಲದಲ್ಲಿ ಆ ಇಂಜೆಕ್ಷನ್ ಹೊಕ್ಕುಳ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು. ಮೊದಲ ಸೂಜಿಗೆ ಮಗಳು ಕಿರುಚಿದಳು. ನಾಲ್ಕನೆಯದಕ್ಕೆ ಹೊಟ್ಟೆ ಬೀಗಿ, ಬಸ್ಸು ಕಂಡರೆ ಮಂಚದ ಕೆಳಗೆ ನುಗ್ಗುತ್ತಿದ್ದಳು. ಆಮೇಲೆ ಅಳುವುದನ್ನೇ ಬಿಟ್ಟಳು. ಅಳುತ್ತಿದ್ದಾಗಲೇ ವಾಸಿ ಇತ್ತು. ಮಗು ಬಿಳಿಚಿದೆಯಲ್ಲ ಎಂದು ಡಾಕ್ಟರು ಒಮ್ಮೆ ಕೇಳಿದಾಗ, ಹೆದರಿಕೆಗೆ ಡಾಕ್ಟ್ರೇ ಎಂದು ನಾನೇ ಹೇಳಿದೆ.

ಇತ್ತ ಹೋಟೆಲಿಗೆ ಜನ ಬರುವುದು ನಿಂತಿತು. ಚೇಟ ದಿನವೂ ಕೋವಿ ಹಿಡಿದು ಬಂದು ಹಿತ್ತಿಲ ಬೇಲಿಯ ಆಚೆ ಕೂರುತ್ತಿದ್ದರು. ನಾಯಿ ಹಗ್ಗ ಹರಿದರೆ ಹೊಡೆಯುವುದು, ಹರಿಯದಿದ್ದರೆ ಹೊಡೆಯುವುದಿಲ್ಲ, ಅದು ನಮ್ಮ ಒಪ್ಪಂದ. ಹಗ್ಗ ಸಾಲದು ಎಂದು ಬಾವಿಯ ಕೊಡಪಾನದ ಸರಪಳಿಯನ್ನೇ ಬಿಚ್ಚಿ ಹಾಕಿದ್ದೆವು. ನಾನು ಉದ್ದ ಕೋಲಿನಿಂದ ಅನ್ನದ ತಟ್ಟೆ ತಳ್ಳುತ್ತಿದ್ದೆ. ಅನ್ನ ಮುಟ್ಟುತ್ತಿರಲಿಲ್ಲ. ಸರಪಳಿ ಎಟುಕುವವರೆಗಿನ ಮಣ್ಣನ್ನು ಮಾತ್ರ ಕೆರೆದು ತಿನ್ನುತ್ತಿತ್ತು. ನೀರು ಕುಡಿಯುತ್ತಿತ್ತು. ಹುಚ್ಚುನಾಯಿ ನೀರು ಕಂಡರೆ ಹೆದರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದುದರಿಂದ, ಅದು ನೀರಿಗೆ ನಾಲಗೆ ಹಾಕುವ ಸದ್ದು ಕೇಳಲು ನಾನು ಬೆಳಗ್ಗೆ ಎದ್ದ ಕೂಡಲೇ ಹಿತ್ತಿಲಿಗೆ ಓಡುತ್ತಿದ್ದೆ.

ಒಂದು ಮಧ್ಯಾಹ್ನ ನಾಯಿ ಏಳಲಿಲ್ಲ. ಪಕ್ಕಕ್ಕೆ ಬಿದ್ದುಕೊಂಡಿತ್ತು, ಕಣ್ಣಿನ ಮೇಲೆ ನೊಣ ಕೂತರೂ ರೆಪ್ಪೆ ಬಡಿಯುತ್ತಿರಲಿಲ್ಲ. ಚೇಟ ಬೇಲಿ ದಾಟಿ ಒಳಗೆ ಬಂದರು. ಆಯಿತು, ಇದು ಹುಚ್ಚೇ, ಕಷ್ಟಪಡಿಸುವುದು ಬೇಡ ಎಂದು ಕೋವಿ ಎತ್ತಿದರು. ನಾನು ಹೋಗಿ ನಾಯಿಗೂ ಅವರಿಗೂ ನಡುವೆ ನಿಂತೆ. ನಾಯಿಯ ಮೇಲಿನ ಪ್ರೀತಿಗಲ್ಲ, ಅದನ್ನು ಹೇಳಿಬಿಡುತ್ತೇನೆ.

"ಚೇಟಾ, ನೀವು ಹೊಡೆದರೆ ನನ್ನ ಮಗಳಿಗೆ ಎಂತ ಆಗ್ತದೆ ಅಂತ ಯಾರು ಹೇಳುದು? ನಾಳೆ ಅವಳು ನೀರು ಬೇಡ ಅಂದರೆ ನಾನು ಯಾರನ್ನು ಕೇಳುದು? ಈ ನಾಯಿ ಬದುಕಬೇಕು."

ಅವರು ಕೋವಿ ಇಳಿಸಿದರು. ಕಡಬಕ್ಕೆ ಹೋಗಿ ದನದ ಡಾಕ್ಟರನ್ನು ಕರೆದುಕೊಂಡು ಬರುತ್ತೇನೆ ಎಂದು ತಮ್ಮ ಜೀಪು ಹತ್ತಿದರು. ನಮ್ಮ ಯಾರ ತಲೆಗೂ ಅದು ಹೊಳೆದಿರಲಿಲ್ಲ. ಹೋಟೆಲಿನ ಹಸುವಿಗೆ ಜ್ವರ ಬಂದರೆ ಆ ಡಾಕ್ಟರನ್ನೇ ಕರೆಸುತ್ತಿದ್ದೆವು. ನಾಯಿಗೆ ಡಾಕ್ಟರು ಎಂದರೆ ನಗುವ ಕಾಲ.

ದನದ ಡಾಕ್ಟರು ಸಿಡುಕಿನ ಮನುಷ್ಯ. ದಪ್ಪ ಗೋಣಿಯನ್ನು ಕೈಗೆ ಸುತ್ತಿಕೊಂಡು, ನಾಯಿಯ ಕೊರಳನ್ನು ಚೇಟನಿಂದ ಕವೆಗೋಲಿನಲ್ಲಿ ಒತ್ತಿ ಹಿಡಿಸಿ, ಕಡ್ಡಿಯಿಂದ ಅದರ ತುಟಿ ಎತ್ತಿ ನೋಡಿದರು. ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಏನು ಹಾಕುತ್ತೀರಿ ಎಂದು ಕೇಳಿದರು. ಅತ್ತೆ ಹೆಮ್ಮೆಯಿಂದಲೇ ಹೇಳಿದರು. ಅವರು ಅತ್ತೆಯನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ಇದರ ಮೈಯಲ್ಲಿ ರಕ್ತವೇ ಇಲ್ಲಮ್ಮ. ಹೊಟ್ಟೆಯಲ್ಲಿ ಕೊಕ್ಕೆಹುಳ, ಮೇಲಿಂದ ಮರಿಗಳು ಹೀರಿದ್ದು, ತಿನ್ಲಿಕ್ಕೆ ತೊಳೆದ ಅನ್ನ. ಮಣ್ಣು ತಿನ್ನದೆ ಎಂತ ಮಾಡುದು ಪಾಪ? ಹುಚ್ಚಲ್ಲ ಅಂತ ನನಗೆ ಕಾಣ್ತದೆ. ಆದರೂ ಹತ್ತು ದಿನ ಮುಗಿಯುವವರೆಗೆ ಬಿಡಬೇಡಿ."

ಹುಳದ ಮದ್ದು ಕುಡಿಸಿ, ಒಂದು ಇಂಜೆಕ್ಷನ್ ಚುಚ್ಚಿ, ದಿನಾ ಬೇಯಿಸಿದ ಲಿವರ್ ಹಾಕಿ ಎಂದರು. ಅತ್ತೆಯ ಮುಖ ನೋಡಬೇಕಿತ್ತು. ನಮ್ಮ ಒಲೆಯಲ್ಲಿ ಅದು ಬೇಯುವ ಹಾಗಿಲ್ಲ, ಹಿತ್ತಿಲಿಗೆ ಬರುವ ಹಾಗೂ ಇಲ್ಲ. ಹಾಗಾದರೆ ನಾಯಿ ಸಾಯಲಿ, ಮಗು ಇನ್ನೂ ಚುಚ್ಚಿಸಿಕೊಳ್ಳಲಿ ಎಂದು ನಾನು ಕಿರುಚಿದೆ. ಅತ್ತೆ ಒಳಗೆ ಹೋದರು. ಮರುದಿನದಿಂದ ಚೇಟ ಒಂದು ಕೈಯಲ್ಲಿ ಕೋವಿ, ಇನ್ನೊಂದು ಕೈಯಲ್ಲಿ ಲಿವರಿನ ಡಬ್ಬಿ ಹಿಡಿದು ಬರತೊಡಗಿದರು. ನಾಯಿ ಅದನ್ನು ಕಂಡು ಮೊದಲ ಸಲ ತಲೆ ಎತ್ತಿತು. ಚೇಟ ಕೋವಿಯನ್ನು ಪಕ್ಕಕ್ಕೆ ಒರಗಿಸಿ, ಕೋಲಿನ ತುದಿಗೆ ಚೂರು ಸಿಕ್ಕಿಸಿ ಕೊಡುತ್ತ, ಮಗಳನ್ನು ಕರೆಯುವ ಹಾಗೆ ಮಲಯಾಳದಲ್ಲಿ ಮೋಳೆ, ತಿನ್ನು ಮೋಳೆ ಎನ್ನುತ್ತಿದ್ದರು. ಅತ್ತೆ ಅಡುಗೆಕೋಣೆಯ ಕಿಟಕಿ ಮುಚ್ಚಿಕೊಂಡರು, ಆದರೆ ಅದರ ಎರಡು ಬಾಗಿಲಲ್ಲಿ ಒಂದನ್ನು ಮಾತ್ರ.

ಹತ್ತು ದಿನ ಮುಗಿಯಿತು. ನಾಯಿ ಎದ್ದು ನಿಂತು ಬಾಲ ಆಡಿಸುತ್ತಿತ್ತು. ಪುತ್ತೂರಿನ ಡಾಕ್ಟರು ಇನ್ನು ಸೂಜಿ ಬೇಡ ಎಂದಾಗ ನಾನು ಅವರ ಮುಂದೆಯೇ ಅತ್ತುಬಿಟ್ಟೆ. ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಮನೆಗೆ ಬಂದು ಸರಪಳಿ ಬಿಚ್ಚಿದೆ. ಅತ್ತೆ ಅಂದು ಪಾಯಸ ಮಾಡಿದ್ದರು. ಎಲ್ಲರ ಎದೆ ಹಗುರವಾಗಿತ್ತು.

ನಾಯಿ ಅಭ್ಯಾಸದಂತೆ ಉಗ್ರಾಣದ ಬಾಗಿಲಿಗೆ ಹೋಯಿತು. ಮಗಳು ಅದರ ಹಿಂದೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಪಾಯಸದ ಲೋಟ ಹಿಡಿದು ನಾನು ಹೋಗಿ ನೋಡಿದೆ. ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿಗಳ ಸಂದಿಯಲ್ಲಿ, ಗೋಡೆಗೆ ಮುಖ ಮಾಡಿ ಅವಳು ಕೂತಿದ್ದಳು. ಉಗುರಿನಿಂದ ಮಣ್ಣಿನ ಗೋಡೆ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಎತ್ತರಕ್ಕೆ ಸರಿಯಾಗಿ ಗೋಡೆಯಲ್ಲಿ ಅಂಗೈ ಹಿಡಿಸುವಷ್ಟು ಗುಂಡಿ ಬಿದ್ದಿತ್ತು. ಒಂದು ದಿನದ ಕೆಲಸವಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹೇಳುವುದನ್ನು ಕೇಳಿದ್ದೆ, ಅಂದು ಕಂಡೆ. ಊರಿಗೆಲ್ಲ ಊಟ ಹಾಕುವ ನನ್ನ ಮನೆಯಲ್ಲಿ ನನ್ನ ಮಗು ಗೋಡೆ ತಿನ್ನುತ್ತಿತ್ತು.

ಲೋಟ ಕೆಳಗಿಟ್ಟು, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ದನದ ಡಾಕ್ಟರು ನಾಯಿಯ ತುಟಿ ಎತ್ತಿದ ಹಾಗೆ ಅವಳ ತುಟಿ ಎತ್ತಿದೆ. ಒಸಡು ಬೆಳ್ಳಗಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಅಲ್ಲೂ ಬೆಳ್ಳಗೆ.

ಪುತ್ತೂರಿಗೆ ಹೋಗುವ ಸಂಜೆಯ ಬಸ್ಸು ಇನ್ನೂ ಬರುವುದಿತ್ತು. ಅವಳನ್ನು ಎತ್ತಿಕೊಂಡು ರಸ್ತೆಗೆ ಬಂದು ನಿಂತೆ. ಬಸ್ಸು ಕಂಡೊಡನೆ ಅವಳು ನನ್ನ ಕೊರಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಮ್ಮಾ, ನಾಯಿ ಸತ್ತಿಲ್ಲ ಅಲ್ವಾ? ಮತ್ತೆ ಯಾಕೆ ಸೂಜಿ?"